ಕಡತದ ಕಾವಲುಗಾರ ನ್ಯಾಯಪೀಠಕ್ಕೆ ಬಂದ ಕಥೆ

ಪಕ್ಕದ ತೋಟದವನು ಬೇಲಿ ಜರುಗಿಸಿದಾಗ, ಅಣ್ಣತಮ್ಮಂದಿರ ಪಾಲು ಮುಗಿಯುವ ಮೊದಲೇ ಒಬ್ಬ ಜಮೀನು ಮಾರಲು ಹೊರಟಾಗ, ಮುಂಗಡ ಪಡೆದು ಕ್ರಯದ ಕರಾರು ಬರೆದುಕೊಟ್ಟವನು ಬೆಲೆ ಏರಿತೆಂದು ನೋಂದಣಿ ಕಚೇರಿಗೆ ಬಾರದೆ ತಲೆಮರೆಸಿಕೊಂಡಾಗ, ತುಮಕೂರು ಸೀಮೆಯ ಗುಬ್ಬಿ, ಕುಣಿಗಲ್ಲುಗಳ ಜನ ವಕೀಲರ ಮುಂದೆ ಕುಳಿತು ಮೊದಲು ಕೇಳುವ ಮಾತು ಒಂದೇ: "ಸ್ವಾಮಿ, ಹೇಗಾದರೂ ಮಾಡಿ ಒಂದು ಸ್ಟೇ ತಂದುಕೊಡಿ." ನಷ್ಟಕ್ಕೆ ದುಡ್ಡು ಕಟ್ಟಿಸಿಕೊಡಿ ಎಂದು ಕೇಳುವವರು ತೀರ ಕಡಿಮೆ. ತೋಟ ಹೋದ ಮೇಲೆ ದುಡ್ಡು ಬಂದರೇನು ಎಂಬುದು ಅವರ ಪ್ರಶ್ನೆ. ಎದುರಾಳಿಯ ಕೈಯನ್ನು ಈಗಲೇ ಹಿಡಿದು ನಿಲ್ಲಿಸಬೇಕು, ಆಡಿದ ಮಾತಿನಂತೆ ಅವನು ನಡೆಯುವ ಹಾಗೆ ಮಾಡಬೇಕು, ಅಷ್ಟೇ.

ಹಳೆಯ ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ನ್ಯಾಯಾಲಯಗಳಲ್ಲಿ ಈ ಬೇಡಿಕೆಗೆ ಉತ್ತರ ಸಿಗುತ್ತಿರಲಿಲ್ಲ. ಕರಾರು ಮುರಿದವನಿಂದ ಅಲ್ಲಿ ವಸೂಲಾಗುತ್ತಿದ್ದುದು ಹಣ ಮಾತ್ರ. ಹೀಗೆ ಮಾಡಬೇಡ, ಕೊಟ್ಟ ಮಾತು ಉಳಿಸಿಕೋ ಎಂದು ಆಜ್ಞೆ ಮಾಡಿಸಬೇಕಾದವರು ದೊರೆಯ ಚಾನ್ಸಲರನ ಬಾಗಿಲು ತಟ್ಟಬೇಕಾಗಿತ್ತು. ಆ ಬಾಗಿಲಿನೊಳಗೆ ನಿಧಾನವಾಗಿ ರೂಪುಗೊಂಡ ನ್ಯಾಯಕ್ಕೆ ಈಕ್ವಿಟಿ ಎಂಬ ಹೆಸರು ಬಂತು. ನಿರ್ಬಂಧಕಾಜ್ಞೆ, ಕರಾರಿನ ನಿರ್ದಿಷ್ಟ ಪಾಲನೆ, ಟ್ರಸ್ಟು, ರಿಸೀವರ್ ನೇಮಕ, ಲೆಕ್ಕ ಒಪ್ಪಿಸುವ ಆಜ್ಞೆ ಎಲ್ಲವೂ ಅಲ್ಲಿ ಬೆಳೆದವು. ಆ ನ್ಯಾಯಾಲಯದಲ್ಲಿ ಚಾನ್ಸಲರನ ನಂತರದ ಸ್ಥಾನ ಮಾಸ್ಟರ್ ಆಫ್ ದಿ ರೋಲ್ಸ್ ಎಂಬ ಅಧಿಕಾರಿಯದು. ಇಂದು ತುಮಕೂರಿನ ಜಿಲ್ಲಾ ನ್ಯಾಯಾಧೀಶರು ಚಲಾಯಿಸುವ ಒಂದು ಅಧಿಕಾರದ ವಂಶಾವಳಿಯನ್ನು ಹುಡುಕುತ್ತ ಹೋದರೆ ಆ ಅಧಿಕಾರಿಯ ಹೆಸರನ್ನೇ ನಮೂದಿಸಿದ ಒಂದು ಕಾಯ್ದೆ ಕೈಗೆ ಸಿಗುತ್ತದೆ.

ಆ ಅಧಿಕಾರಿ ಮೊದಲಿಗೆ ನ್ಯಾಯಾಧೀಶನೇ ಆಗಿರಲಿಲ್ಲ. ಕಾಗದಪತ್ರ ಕಾಯುವ ಗುಮಾಸ್ತನಾಗಿದ್ದ.

ಚಾನ್ಸರಿ ಎಂದರೆ ದೊರೆಯ ಬರವಣಿಗೆಯ ಕಚೇರಿ. ಸನದು, ದಾನಪತ್ರ, ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಎಲ್ಲದರ ನಕಲನ್ನು ಚರ್ಮದ ಹಾಳೆಗಳ ಮೇಲೆ ಬರೆದು, ಒಂದರ ತುದಿಗೆ ಇನ್ನೊಂದನ್ನು ಹೊಲಿದು, ಸುರುಳಿ ಸುತ್ತಿ ಇಡುತ್ತಿದ್ದರು. 13ನೆಯ ಶತಮಾನದ ಆರಂಭದಲ್ಲಿ, ಜಾನ್ ದೊರೆಯ ಕಾಲದಲ್ಲಿ, ಈ ಪದ್ಧತಿ ಗಟ್ಟಿಯಾಯಿತು. ಸುರುಳಿಗಳು ಹೆಚ್ಚಿದಂತೆ ಅವುಗಳಿಗೆ ಒಬ್ಬ ಹೊಣೆಗಾರ ಬೇಕಾದ. 1286ರ ಹೊತ್ತಿಗೆ ಈ ಹುದ್ದೆಯಲ್ಲಿ ಇದ್ದವರ ಹೆಸರು ಸಿಗಲು ಶುರುವಾಗುತ್ತದೆ. ಮೊದಮೊದಲು ಅವರೆಲ್ಲ ಚರ್ಚಿನ ದೀಕ್ಷೆ ಪಡೆದವರು. ದೇಶದ ಯಾವ ಜಮೀನು ಯಾರಿಗೆ ಹೋಯಿತು, ಯಾವ ಮಠಕ್ಕೆ ಯಾವ ದೊರೆ ಏನು ಬಿಟ್ಟುಕೊಟ್ಟ ಎಂದು ಖಚಿತವಾಗಿ ಹೇಳಬಲ್ಲವನು ಈ ಒಬ್ಬನೇ ಆದ್ದರಿಂದ, ಚಾನ್ಸಲರ್ ರಾಜಕಾರ್ಯಕ್ಕೆ ಹೋದಾಗ ಅರ್ಜಿದಾರರು ಇವನ ಮುಂದೆ ನಿಲ್ಲತೊಡಗಿದರು. ದಾಖಲೆ ಗೊತ್ತಿದ್ದವನಿಗೆ ತೀರ್ಪು ಹೇಳುವ ಕೆಲಸ ತಾನಾಗಿ ಬಂತು. ಈ ಹುದ್ದೆಯ ಏಳು ಶತಮಾನಗಳ ಕಥೆಯಲ್ಲಿ ನಮ್ಮ ನ್ಯಾಯಾಲಯಗಳು ನೆನಪಿಡಬೇಕಾದದ್ದು ಇದೇ.

ಈ ಅಧಿಕಾರಿಯ ಮನೆಯ ಕಥೆಯೂ ಹೇಳುವಂಥದ್ದೇ. ಲಂಡನ್ನಿನ ಚಾನ್ಸರಿ ಲೇನ್‌ನಲ್ಲಿ 1232ರಲ್ಲಿ ಮೂರನೆಯ ಹೆನ್ರಿ ಒಂದು ಆಶ್ರಯಮನೆ ಕಟ್ಟಿಸಿದ. ಯೆಹೂದಿ ಧರ್ಮ ಬಿಟ್ಟು ಕ್ರೈಸ್ತರಾದವರಿಗೆ ಮೀಸಲಾದ ಮನೆ ಅದು. 1290ರಲ್ಲಿ ಒಂದನೆಯ ಎಡ್ವರ್ಡ್ ಯೆಹೂದಿಗಳನ್ನೆಲ್ಲ ದೇಶದಿಂದಲೇ ಹೊರಗಟ್ಟಿದ ಮೇಲೆ ಅಲ್ಲಿ ವಾಸಿಸುವವರು ವಿರಳವಾದರು. 1377ರಲ್ಲಿ ಮೂರನೆಯ ಎಡ್ವರ್ಡ್ ಆ ಮನೆಯನ್ನು ಮಾಸ್ಟರ್ ಆಫ್ ದಿ ರೋಲ್ಸ್ ಹುದ್ದೆಗೆ ಶಾಶ್ವತವಾಗಿ ಸೇರಿಸಿಬಿಟ್ಟ. ಸುರುಳಿಗಳು ಅಲ್ಲಿನ ಪ್ರಾರ್ಥನಾಮಂದಿರಕ್ಕೆ ಬಂದವು, ನ್ಯಾಯಾಲಯವೂ ಅಲ್ಲಿಯೇ ಕೂತಿತು. ಸುಮಾರು 500 ವರ್ಷಗಳ ನಂತರ, 1873ರಲ್ಲಿ, ಆ ಪೀಠಕ್ಕೆ ಬಂದವರು ಸರ್ ಜಾರ್ಜ್ ಜೆಸೆಲ್. ತಮ್ಮ ಧರ್ಮವನ್ನು ಬಿಡದ ಯೆಹೂದಿ. ಇಂಗ್ಲೆಂಡಿನಲ್ಲಿ ನ್ಯಾಯಾಧೀಶರಾದ ಮೊದಲ ಯೆಹೂದಿಯೂ ಅವರೇ. ಧರ್ಮ ಬಿಟ್ಟರೆ ಮಾತ್ರ ಅನ್ನ ಎಂದ ಜಾಗದಲ್ಲಿ ಧರ್ಮ ಬಿಡದವನು ನ್ಯಾಯ ಹೇಳಲು ಕೂತದ್ದು ಆ ದೇಶದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಎಂಟನೆಯ ಹೆನ್ರಿಯ ಬಲಗೈಯಾಗಿದ್ದ ಥಾಮಸ್ ಕ್ರಾಮ್ವೆಲ್ 1534ರಿಂದ ಎರಡು ವರ್ಷ ಇದೇ ಹುದ್ದೆಯಲ್ಲಿದ್ದ. ಆದರೂ ಹುದ್ದೆಯ ನ್ಯಾಯಾಧಿಕಾರ ಎಷ್ಟು ಎಂಬುದು ಬಹುಕಾಲ ಇತ್ಯರ್ಥವಾಗಲಿಲ್ಲ. ಮಾಸ್ಟರ್ ಹೇಳಿದ ಡಿಕ್ರಿ ಅವರದೇ ಅಧಿಕಾರದ್ದೋ, ಚಾನ್ಸಲರನ ಪರವಾಗಿ ಹೇಳಿದ್ದೋ ಎಂಬ ಜಗಳ 1720ರ ದಶಕದಲ್ಲಿ ಬೀದಿಗೆ ಬಂತು. ಆಗ ಸರ್ ಜೋಸೆಫ್ ಜೆಕಿಲ್ ಮಾಸ್ಟರ್ ಆಗಿದ್ದರು. ಎರಡೂ ಪಕ್ಷಗಳು ಹಳೆಯ ಸುರುಳಿಗಳನ್ನು ಬಿಚ್ಚಿ ಪುರಾವೆ ಹೆಕ್ಕಿ ಹೊತ್ತಗೆಗಳನ್ನು ಅಚ್ಚು ಹಾಕಿಸಿದವು. ಕೊನೆಗೆ 1729ರ ಒಂದು ಕಾಯ್ದೆ, ಮಾಸ್ಟರ್‌ರ ಡಿಕ್ರಿಗಳು ಊರ್ಜಿತ, ಚಾನ್ಸಲರನ ಮುಂದೆ ಮೇಲ್ಮನವಿಗೆ ಒಳಪಟ್ಟಿವೆ ಎಂದು ಸಾರಿ ಮಾತು ಮುಗಿಸಿತು.

ನಮ್ಮ ಕಡೆಗೆ ಬಂದರೆ, ಮೈಸೂರಿನಲ್ಲಿ ಈಕ್ವಿಟಿಗೊಂದು ಬೇರೆ ನ್ಯಾಯಾಲಯ ಎಂದೂ ಇರಲಿಲ್ಲ. ಮದ್ರಾಸಿನಲ್ಲಿ 1801ರಲ್ಲಿ ಸ್ಥಾಪನೆಯಾದ ಸುಪ್ರೀಂ ಕೋರ್ಟಿಗೆ ಈಕ್ವಿಟಿಯ ಅಧಿಕಾರ ಪ್ರತ್ಯೇಕವಾಗಿ ಇತ್ತು, ಅದಕ್ಕೊಬ್ಬ ಮಾಸ್ಟರ್ ಕೂಡ ಇದ್ದ. ಮದ್ರಾಸ್ ಹೈಕೋರ್ಟಿನ ಮೂಲ ದಾವೆಗಳ ವಿಭಾಗದಲ್ಲಿ ಆ ಹೆಸರಿನ ಅಧಿಕಾರಿ ಇಂದಿಗೂ ಇದ್ದಾರೆ. ಕಂಪನಿಯ ಆಳ್ವಿಕೆಯ ಒಳನಾಡಿಗೆ ಹೋದದ್ದು ಬೇರೆ ಸೂತ್ರ. ನ್ಯಾಯಾಧೀಶ ಎಲೈಜಾ ಇಂಪೆ 1781ರಲ್ಲಿ ಬಂಗಾಳಕ್ಕೆ ರಚಿಸಿದ ನಿಯಮಗಳಲ್ಲಿ, ಕಾನೂನು ಏನನ್ನೂ ಹೇಳದ ಕಡೆ ನ್ಯಾಯ, ಸಮನ್ಯಾಯ, ಒಳ್ಳೆಯ ಅಂತಃಸಾಕ್ಷಿ ಇವುಗಳಂತೆ ತೀರ್ಮಾನಿಸಿ ಎಂದಿತ್ತು. ಈ ಮೂರು ಮಾತುಗಳು ದೇಶದ ಉದ್ದಗಲಕ್ಕೂ ಹಬ್ಬಿದವು. ಅವುಗಳ ಅರ್ಥ, ಭಾರತದ ಪರಿಸ್ಥಿತಿಗೆ ಹೊಂದುವಷ್ಟು ಇಂಗ್ಲಿಷ್ ಕಾನೂನು ಎಂದು 1887ರಲ್ಲಿ ವಘೇಲಾ ರಾಜಸಂಜಿ ಪ್ರಕರಣದಲ್ಲಿ, ಆಗ ಭಾರತದ ಮೇಲ್ಮನವಿಗಳ ಕೊನೆಯ ಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು. ಹಳ್ಳಿಯ ಮುನ್ಸೀಫನ ಮೇಜಿನ ಮೇಲೆ ಚಾನ್ಸರಿಯ ತೀರ್ಪುಗಳು ಬಂದು ಕೂತದ್ದು ಹಾಗೆ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡಾಗ ತುಮಕೂರು ಸೀಮೆಯಲ್ಲಿ ಕಂದಾಯ ಎತ್ತುವವನೂ ತಗಾದೆ ತೀರಿಸುವವನೂ ಒಬ್ಬನೇ, ಅಮಲ್ದಾರ. ದೊಡ್ಡ ವ್ಯಾಜ್ಯಗಳಲ್ಲಿ ಪಂಚಾಯ್ತಿದಾರರನ್ನು ಕೂರಿಸಿಕೊಳ್ಳುವುದಿತ್ತು. 1834ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಅಮಲ್ದಾರನ ಮೇಲೆ ಮುನ್ಸೀಫರು, ಅವರ ಮೇಲೆ ವಿಭಾಗದ ಸೂಪರಿಂಟೆಂಡೆಂಟರು, ಅವರ ಮೇಲೆ ಬೆಂಗಳೂರಿನಲ್ಲಿ ದೇಶೀಯ ನ್ಯಾಯಾಧೀಶರ ಹುಜೂರ್ ಅದಾಲತ್ತು ಎಂಬ ಮೆಟ್ಟಿಲುಗಳಾದವು. ಆ ಕಾಲದ ಸರ್ಕಾರಿ ಲೆಕ್ಕಪತ್ರ ನಡೆಯುತ್ತಿದ್ದುದು ಕನ್ನಡ ಮತ್ತು ಮರಾಠಿಯಲ್ಲಿ. 1856ರಲ್ಲಿ ಹುಜೂರ್ ಅದಾಲತ್ತನ್ನು ರದ್ದುಮಾಡಿ ಒಬ್ಬ ಜುಡಿಷಿಯಲ್ ಕಮಿಷನರನ್ನು ನೇಮಿಸಿದರು. 1860ರ ದಶಕದ ಆರಂಭದಲ್ಲಿ ಕಮಿಷನರ್ ಲೂಯಿನ್ ಬೌರಿಂಗ್ ಸೀಮೆಯನ್ನು ಜಿಲ್ಲೆಗಳಾಗಿ ಹಂಚಿದಾಗ ತುಮಕೂರು ಬೆಂಗಳೂರು, ಕೋಲಾರಗಳ ಜೊತೆ ನಂದಿದುರ್ಗ ವಿಭಾಗಕ್ಕೆ ಸೇರಿತು. 1870ರ ದಶಕದಲ್ಲಿ ಸಿವಿಲ್ ದಾವೆಗಳನ್ನು ಅಮಲ್ದಾರರ ಕೈಯಿಂದ ಬಿಡಿಸಿ ಮುನ್ಸೀಫರಿಗೆ ಒಪ್ಪಿಸಲಾಯಿತು. ಕಂದಾಯ ಬಾಕಿ ವಸೂಲು ಮಾಡುವವನ ಮುಂದೆಯೇ ನಿಂತು ತನ್ನ ಹಕ್ಕು ಕೇಳಬೇಕಾದ ಸಂಕಟದಿಂದ ರೈತನಿಗೆ ಸಿಕ್ಕಿದ ಬಿಡುಗಡೆ ಅದು.

ಜುಡಿಷಿಯಲ್ ಕಮಿಷನರ್ 28 ವರ್ಷ ಒಬ್ಬಂಟಿಯಾಗಿ ಮೈಸೂರಿನ ಕೊನೆಯ ಮಾತು ಹೇಳಿದರು. ಕಾನೂನಿನ ಪ್ರಶ್ನೆ, ಅಂತಃಸಾಕ್ಷಿಯ ಪ್ರಶ್ನೆ, ಗಲ್ಲಿನ ಪ್ರಶ್ನೆ ಎಲ್ಲವೂ ಆ ಒಬ್ಬರ ಮುಂದೆ. ಇಷ್ಟು ಭಾರ ಒಬ್ಬನೇ ಹೊರುವುದು ತರವಲ್ಲ ಎಂಬುದನ್ನು ಇಂಗ್ಲೆಂಡು ತನ್ನ ಚಾನ್ಸಲರರ ವಿಳಂಬದಿಂದ ಕಲಿತಿತ್ತು. ಮೈಸೂರು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿದ ಮೇಲೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಅದಕ್ಕೆ ಒಂದು ವರ್ಷ ಮೊದಲು ಬಂದ ಮೈಸೂರು ಸಿವಿಲ್ ಕೋರ್ಟುಗಳ ಕಾಯ್ದೆ ಮುನ್ಸೀಫ್, ಸಬಾರ್ಡಿನೇಟ್ ಜಡ್ಜ್, ಜಿಲ್ಲಾ ಜಡ್ಜ್ ಎಂಬ ಮೆಟ್ಟಿಲನ್ನು ಗಟ್ಟಿಮಾಡಿತ್ತು. 1884 ತುಮಕೂರು ಸೀಮೆಗೆ ದೊಡ್ಡ ವರ್ಷ. ಬೆಂಗಳೂರಿನಿಂದ ರೈಲು ಬಂದದ್ದು ಆ ವರ್ಷ, ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಆ ವರ್ಷ. ಮೇಲ್ಮನವಿ ಹಾಕುವ ಕಕ್ಷಿದಾರ ಕಾಗದದ ಗಂಟು ಹಿಡಿದು ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಕಾಲ ಅಲ್ಲಿಂದ ಶುರುವಾಯಿತು.

ಇಂಗ್ಲೆಂಡಿನಲ್ಲೂ ಅದೇ ದಶಕದಲ್ಲಿ ಮಾಸ್ಟರ್ ಹುದ್ದೆ ಹೊರಳಿತು. 1875ರಲ್ಲಿ ಜಾರಿಗೆ ಬಂದ ಜುಡಿಕೇಚರ್ ಕಾಯ್ದೆಗಳು ಸಾಮಾನ್ಯ ಕಾನೂನನ್ನೂ ಈಕ್ವಿಟಿಯನ್ನೂ ಒಂದೇ ನ್ಯಾಯಾಲಯಕ್ಕೆ ತಂದವು. 1881ರ ಕಾಯ್ದೆ ಮಾಸ್ಟರ್ ಆಫ್ ದಿ ರೋಲ್ಸ್‌ರನ್ನು ಮೇಲ್ಮನವಿ ನ್ಯಾಯಾಲಯದಲ್ಲಷ್ಟೇ ಕೂರುವ ನ್ಯಾಯಾಧೀಶರನ್ನಾಗಿಸಿತು. ಮೂಲ ದಾವೆ ಕೇಳಿದ ಕೊನೆಯ ಮಾಸ್ಟರ್ ಜೆಸೆಲ್. ಎರಡು ಬಗೆಯ ನ್ಯಾಯವನ್ನು ಒಂದೇ ಪೀಠದಲ್ಲಿ ಕೂರಿಸಲು ಆ ದೇಶಕ್ಕೆ ಶತಮಾನಗಳೇ ಬೇಕಾದವು. ನಮ್ಮ ಮುನ್ಸೀಫರು ಮೊದಲ ದಿನದಿಂದಲೂ ಒಂದೇ ಕುರ್ಚಿಯಲ್ಲಿ ಕೂತು ಸಾಲದ ಡಿಕ್ರಿಯನ್ನೂ ನಿರ್ಬಂಧಕಾಜ್ಞೆಯನ್ನೂ ಕೊಡುತ್ತಿದ್ದರು. ಇದು ನಮ್ಮ ಕೆಳಹಂತದ ನ್ಯಾಯಾಲಯಗಳು ಹೆಮ್ಮೆಪಡಬಹುದಾದ ವಿಷಯ.

ಇನ್ನು ಗುಬ್ಬಿಗೆ ಬರೋಣ.

ಗುಬ್ಬಿ ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ. ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದರು. ಮಕ್ಕಳಿರಲಿಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಎದುರು ಅವರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಿಂದ ತೆರೆಯಿತು. ರೈಲಿಳಿದು ಎಲ್ಲಿ ತಂಗುವುದು ಎಂದು ನೋಡುವ ಪರವೂರಿನವನಿಗೆ ಅಲ್ಲಿ ಜಾಗವಿತ್ತು. ಊರು ಬಿಟ್ಟು ಓದಲು ಬಂದ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯವೂ ಆಯಿತು. ಮಹಾರಾಜರು ಧರ್ಮಪ್ರವರ್ತ ಎಂದು ಬಿರುದು ಕೊಟ್ಟರು. 1910ರಲ್ಲಿ ತೋಟದಪ್ಪನವರು ತೀರಿಕೊಂಡರು. ಅವರ ಆಸ್ತಿಯ ಟ್ರಸ್ಟಿನ ಹೊಣೆಯನ್ನು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರು ಹೊತ್ತರು. ನೂರು ವರ್ಷ ದಾಟಿದರೂ ಆ ಛತ್ರ, ಆ ವಿದ್ಯಾರ್ಥಿನಿಲಯ ನಡೆಯುತ್ತಿವೆ.

ಛತ್ರದ ಕಥೆ ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ಬೇರೆಡೆ ಧರ್ಮಕ್ಕೆಂದು ಬಿಟ್ಟ ಆಸ್ತಿ ನ್ಯಾಯಾಲಯದಲ್ಲಿ ಬಿದ್ದುಹೋದದ್ದನ್ನು ನೆನೆಯುವವರು ಕಡಿಮೆ. ಅದರ ಬೇರು ಹಳೆಯ ಒಂದು ಇಂಗ್ಲಿಷ್ ಪ್ರಕರಣದಲ್ಲಿದೆ. ಲಂಡನ್ನಿನ ಆನ್ ಕ್ರಾಕರೋಡ್ ಎಂಬ ಹೆಂಗಸು ತನ್ನ ಉಳಿದ ಆಸ್ತಿಯನ್ನು ಡರ್ಹಮ್‌ನ ಬಿಷಪ್ ತನಗೆ ಒಳಿತೆನಿಸಿದ ಉದಾರ ಕೆಲಸಗಳಿಗೆ ಬಳಸಲಿ ಎಂದು ಉಯಿಲು ಬರೆದಿದ್ದಳು. 1804ರಲ್ಲಿ ಮಾಸ್ಟರ್ ಆಫ್ ದಿ ರೋಲ್ಸ್ ಸರ್ ವಿಲಿಯಂ ಗ್ರಾಂಟ್ ಅದನ್ನು ಅಸಿಂಧು ಎಂದರು. ಉದ್ದೇಶ ಸ್ಪಷ್ಟವಿಲ್ಲದಿದ್ದರೆ ಟ್ರಸ್ಟಿ ತಪ್ಪಿದನೋ ಇಲ್ಲವೋ ಎಂದು ನ್ಯಾಯಾಲಯ ಅಳೆಯುವುದಾದರೂ ಹೇಗೆ ಎಂಬುದು ಅವರ ತರ್ಕ. ಮರುವರ್ಷ ಚಾನ್ಸಲರ್ ಎಲ್ಡನ್ ಅದನ್ನು ಎತ್ತಿಹಿಡಿದರು. ಆ ತರ್ಕ 95 ವರ್ಷಗಳ ನಂತರ ಮುಂಬಯಿಯಿಂದ ಹೋದ ಒಂದು ಮೇಲ್ಮನವಿಯಲ್ಲಿ ಮತ್ತೆ ಎದ್ದಿತು. ರಣಛೋಡದಾಸ್ ವಂದ್ರಾವನದಾಸ್ ಪ್ರಕರಣದಲ್ಲಿ, 1899ರಲ್ಲಿ, ಧರ್ಮಕ್ಕಾಗಿ ಎಂದಷ್ಟೇ ಬರೆದ ದಾನ ಅಸ್ಪಷ್ಟ, ಆದ್ದರಿಂದ ಅಸಿಂಧು ಎಂದು ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಈ ತೀರ್ಪನ್ನು ಒಪ್ಪುವುದು ಕಷ್ಟ. ಕೆರೆ, ಅರವಟ್ಟಿಗೆ, ಛತ್ರ, ಅನ್ನದಾನ ಎಂದು ನಮ್ಮ ಯಾವ ಹಳ್ಳಿಯ ಹಿರಿಯನೂ ಬಿಡಿಸಿ ಹೇಳಬಲ್ಲ ಕೆಲಸಗಳನ್ನು ಲಂಡನ್ನಿನಲ್ಲಿ ಕೂತವರು ಮಂಜಿನೊಳಗಿನ ಗುಡ್ಡದಂತೆ ಕಂಡರು. ಆದರೂ ಗ್ರಾಂಟ್ ಎತ್ತಿದ ಪ್ರಶ್ನೆಯಲ್ಲಿ ತಿರುಳಿದೆ. ತೋಟದಪ್ಪನವರು ಆ ತೀರ್ಪುಗಳನ್ನು ಓದಿರಬೇಕಾಗಿಲ್ಲ. ಪ್ರಯಾಣಿಕನಿಗೆ ತಂಗುದಾಣ, ವಿದ್ಯಾರ್ಥಿಗೆ ಊಟ ವಸತಿ ಎಂದು ಕಣ್ಣಿಗೆ ಕಾಣುವ ಉದ್ದೇಶವನ್ನು ಇಟ್ಟರು. ಯಾರು ಬೇಕಾದರೂ ಹೋಗಿ ಲೆಕ್ಕ ಕೇಳಬಹುದಾದ ಧರ್ಮ ಅದು.

ಲೆಕ್ಕ ಕೇಳುವ ದಾರಿಯೂ ಚಾನ್ಸರಿಯಿಂದಲೇ ಬಂತು. ಇಂಗ್ಲೆಂಡಿನಲ್ಲಿ ಧರ್ಮಸಂಸ್ಥೆಯ ಹಣ ದುರುಪಯೋಗವಾದರೆ ಪ್ರಶ್ನಿಸುವುದು ದುಬಾರಿಯಾಗಿತ್ತು, ವರ್ಷಗಟ್ಟಲೆ ಎಳೆಯುತ್ತಿತ್ತು. 1812ರಲ್ಲಿ ಸರ್ ಸ್ಯಾಮ್ಯುಯೆಲ್ ರೊಮಿಲಿ ಒಂದು ಕಾಯ್ದೆ ಮಾಡಿಸಿದರು. ಇಬ್ಬರು ಅಥವಾ ಹೆಚ್ಚು ಮಂದಿ ಅಟಾರ್ನಿ ಜನರಲ್‌ರ ಒಪ್ಪಿಗೆ ಪಡೆದು ಚಾನ್ಸಲರ್ ಅಥವಾ ಮಾಸ್ಟರ್ ಆಫ್ ದಿ ರೋಲ್ಸ್ ಮುಂದೆ ಅರ್ಜಿ ಹಾಕಿದರೆ ಸಾಕು ಎಂದು ಅದು ಹೇಳಿತು. ರೊಮಿಲಿಯವರ ಮಗ ಜಾನ್ ಮುಂದೆ 1851ರಿಂದ 1873ರವರೆಗೆ ಅದೇ ಮಾಸ್ಟರ್ ಪೀಠದಲ್ಲಿದ್ದರು. ಆ ಕಾಯ್ದೆಯ ಹೊಳಹು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಮೊದಲು 539ನೆಯ ಕಲಮಾಗಿ, 1908ರಿಂದ 92ನೆಯ ಕಲಮಾಗಿ ಇಳಿದು ಬಂತು. ಸಾರ್ವಜನಿಕ ಧರ್ಮಸಂಸ್ಥೆಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ದಾವೆ ಹೂಡಿ ಟ್ರಸ್ಟಿಯನ್ನು ತೆಗೆಸಬಹುದು, ಹೊಸಬನ ನೇಮಕ ಮಾಡಿಸಬಹುದು, ಲೆಕ್ಕ ಕೊಡಿಸಬಹುದು, ಆಡಳಿತಕ್ಕೊಂದು ಸ್ಕೀಮು ಮಾಡಿಸಬಹುದು. ಅಡ್ವೊಕೇಟ್ ಜನರಲ್‌ರ ಒಪ್ಪಿಗೆಯ ಬದಲು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬೇಕು ಎಂಬ ಬದಲಾವಣೆ 1976ರ ತಿದ್ದುಪಡಿಯಿಂದ ಬಂತು. ಈ ದಾವೆ ಕೆಳಹಂತದ ಸಿವಿಲ್ ನ್ಯಾಯಾಧೀಶರ ಮುಂದೆ ಬರುವುದಲ್ಲ. ಗುಬ್ಬಿಯ ಛತ್ರವಿರಲಿ, ಕುಣಿಗಲ್ಲಿನ ವಿದ್ಯಾಸಂಸ್ಥೆಯ ನಿಧಿಯಿರಲಿ, ಸಾರ್ವಜನಿಕ ಟ್ರಸ್ಟಾದರೆ ತುಮಕೂರಿನ ಜಿಲ್ಲಾ ನ್ಯಾಯಾಲಯಕ್ಕೇ ಬರಬೇಕು. ಗುಬ್ಬಿಯ ಇಬ್ಬರು ಸಾಮಾನ್ಯರು ತಮ್ಮೂರಿನ ಧರ್ಮದ ಲೆಕ್ಕ ಕೇಳಿ ಜಿಲ್ಲಾ ನ್ಯಾಯಾಧೀಶರ ಮುಂದೆ ನಿಂತಾಗ, 1812ರ ಕಾಯ್ದೆಯಲ್ಲಿ ಮಾಸ್ಟರ್ ಕೂತಿದ್ದ ಕಡೆ ಈ ನ್ಯಾಯಾಧೀಶರು ಕೂತಿರುತ್ತಾರೆ.

ಮಠಗಳ ವಿಷಯಕ್ಕೆ ಬಂದರೆ ಚಾನ್ಸರಿಯ ಅಳತೆ ಸಾಲದು. ಸಿದ್ಧಗಂಗೆಯ ಮಗ್ಗುಲಲ್ಲೇ ಇರುವ ತುಮಕೂರಿನ ವಕೀಲರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಠಾಧಿಪತಿ ಸಂಬಳದ ವ್ಯವಸ್ಥಾಪಕನಲ್ಲ, ಆಸ್ತಿಯ ಒಡೆಯನೂ ಅಲ್ಲ, ಇಂಗ್ಲಿಷ್ ಪುಸ್ತಕದ ಟ್ರಸ್ಟಿಯೂ ಅಲ್ಲ. 1921ರಲ್ಲಿ ವಿದ್ಯಾವಾರುಧಿ ತೀರ್ಥರ ಪ್ರಕರಣದಲ್ಲಿ ಅಮೀರ್ ಅಲಿಯವರು ಬರೆದ ಪ್ರಿವಿ ಕೌನ್ಸಿಲ್ ತೀರ್ಪು ಇದನ್ನು ಒಪ್ಪಿಕೊಂಡಿತು. ಪಶ್ಚಾತ್ತಾಪದಂತೆ ಕಾಣುವ ವಿವೇಕ ಅದರಲ್ಲಿದೆ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಇನ್ನೂ ಮುಂದೆ ಹೋದರು. ಮಠಾಧಿಪತ್ಯದಲ್ಲಿ ಹುದ್ದೆಯೂ ಇದೆ, ಹಕ್ಕೂ ಇದೆ, ಎರಡನ್ನೂ ಬೇರ್ಪಡಿಸಲಾಗದು ಎಂದರು. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ಕ್ಷೇತ್ರದಂತೆ ಮುಜರಾಯಿಗೆ ಸೇರಿದ ದೇವಾಲಯಗಳ ದಾರಿಯೇ ಬೇರೆ. ಮೈಸೂರು ಸರ್ಕಾರ 1927ರಲ್ಲೇ ಅದಕ್ಕೊಂದು ಕಾಯ್ದೆ ಮಾಡಿತ್ತು.

ಚೀಫ್ ಕೋರ್ಟಿನ ಹಿರಿಯ ಪೀಠದಲ್ಲಿ ಕೂತವರು ತೀರ್ಪು ಬರೆಯುವುದರ ಆಚೆಗೂ ಮೈಸೂರನ್ನು ಬದಲಿಸಿದರು. ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ 1918ರಲ್ಲಿ ಅಧ್ಯಕ್ಷತೆ ವಹಿಸಿದ ಸಮಿತಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕೊಡಿಸುವ ದಾರಿ ತೆರೆಯಿತು. ನಿವೃತ್ತ ಮುಖ್ಯ ನ್ಯಾಯಾಧೀಶ ಕೆ.ಎಸ್. ಚಂದ್ರಶೇಖರ ಅಯ್ಯರ್ ಅವರ ಸಮಿತಿ ಹಿಂದೂ ಹೆಣ್ಣುಮಕ್ಕಳ ಆಸ್ತಿಹಕ್ಕನ್ನು ಪರಿಶೀಲಿಸಿ 1930ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಬಂದ 1933ರ ಮೈಸೂರು ಕಾಯ್ದೆ, ಅವಿಭಕ್ತ ಕುಟುಂಬದ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳು ಇಂಥವರಿಗೂ ಪಾಲು ಕೊಟ್ಟಿತು. ಬ್ರಿಟಿಷ್ ಭಾರತ ವಿಧವೆಯ ಹಕ್ಕಿನ ಕಾಯ್ದೆ ಮಾಡಿದ್ದು 1937ರಲ್ಲಿ, ಮಗಳನ್ನು ಅದರಲ್ಲಿ ಸೇರಿಸಲೂ ಇಲ್ಲ. 1933ರಿಂದ 1956ರ ನಡುವೆ ತೆರೆದುಕೊಂಡ ಪಾಲಿನ ಹಕ್ಕುಗಳ ವಿಚಾರಕ್ಕೆ ಹಳೆಯ ಮೈಸೂರಿನ ನ್ಯಾಯಾಲಯಗಳು ಆ ಕಾಯ್ದೆಯ ಪುಟ ತೆರೆಯಲೇಬೇಕು. ಮೈಸೂರಿನ ನ್ಯಾಯಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಂತಃಸಾಕ್ಷಿಯ ಕೆಲಸ ಇನ್ನೊಂದು ಕಾಣುವುದಿಲ್ಲ.

1930ರಲ್ಲಿ ಚೀಫ್ ಕೋರ್ಟು ಮೈಸೂರು ಹೈಕೋರ್ಟಾಯಿತು, ಮುಖ್ಯ ನ್ಯಾಯಾಧೀಶರು ಮುಖ್ಯ ನ್ಯಾಯಮೂರ್ತಿಗಳಾದರು. 1868ರಲ್ಲಿ ಮುಗಿದ ಅಠಾರಾ ಕಚೇರಿಯ ಕೆಂಪು ಕಟ್ಟಡ ಅದರ ಮನೆ. 1973ರಲ್ಲಿ ಅದು ಕರ್ನಾಟಕ ಹೈಕೋರ್ಟು ಎನಿಸಿತು.

1962ರಲ್ಲಿ ಎರಡು ನೇಮಕಗಳು ಕೆಲವೇ ವಾರಗಳ ಅಂತರದಲ್ಲಿ ನಡೆದವು. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿ ನಿಟ್ಟೂರು ಶ್ರೀನಿವಾಸ ರಾಯರು ಬಂದರು. ಇಂಗ್ಲೆಂಡಿನಲ್ಲಿ ಲಾರ್ಡ್ ಡೆನಿಂಗ್ ಮಾಸ್ಟರ್ ಆಫ್ ದಿ ರೋಲ್ಸ್ ಆದರು. ಡೆನಿಂಗ್ ಹ್ಯಾಂಪ್‌ಶೈರ್‌ನ ಸಣ್ಣ ಊರಿನ ಬಟ್ಟೆ ವ್ಯಾಪಾರಿಯ ಮಗ. ಕೊಟ್ಟ ಮಾತನ್ನು ನಂಬಿ ನಡೆದವನನ್ನು ನಡುನೀರಿನಲ್ಲಿ ಬಿಡಬಾರದು ಎಂದು 1947ರ ಹೈ ಟ್ರೀಸ್ ಪ್ರಕರಣದಲ್ಲಿ ಅವರು ಎಬ್ಬಿಸಿದ ತತ್ತ್ವ, 1979ರ ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆಯ ತೀರ್ಪಿನಲ್ಲಿ ಭಾರತದ ಸರ್ಕಾರಗಳನ್ನೂ ಕಟ್ಟಿಹಾಕಿತು. ಅವರು 20 ವರ್ಷ ಆ ಪೀಠದಲ್ಲಿದ್ದರು. ನಿಟ್ಟೂರರ ಅವಧಿ ಚಿಕ್ಕದು, 1963ರಲ್ಲಿ ಮುಗಿಯಿತು. ಆದರೆ ಮರುವರ್ಷವೇ ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾಗಿ ದೆಹಲಿಗೆ ಹೋದರು. ಗಾಂಧೀಮಾರ್ಗದಲ್ಲಿ ನಡೆದವರು, ವಕೀಲರಾಗಿದ್ದಾಗಲೇ ಸತ್ಯಶೋಧನ ಪ್ರಕಾಶನ ನಡೆಸಿ ಶಿವರಾಮ ಕಾರಂತರ ಪುಸ್ತಕಗಳನ್ನು ಹೊರತಂದವರು. ಇಬ್ಬರೂ ನೂರು ವರ್ಷ ಬಾಳಿದರು. ಡೆನಿಂಗ್ 1999ರಲ್ಲಿ, ನಿಟ್ಟೂರರು 2004ರಲ್ಲಿ ತೀರಿಕೊಂಡರು. ಡೆನಿಂಗ್ ಹೆಸರು ನಮ್ಮ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಈಗಲೂ ಇದೆ. ನಿಟ್ಟೂರರ ಹೆಸರೂ ಅಷ್ಟೇ ಸಲೀಸಾಗಿ ಬರಬೇಕು.

ಚಾನ್ಸರಿ ಬಿಟ್ಟುಹೋದ ವಿವೇಚನೆಯ ಅಧಿಕಾರ ಈಗ ಕಿರಿದಾಗುತ್ತಿದೆ. ಕರಾರಿನಂತೆ ಕ್ರಯಪತ್ರ ಬರೆಸಿಕೊಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು ಎಂಬ ಮಾತು 1877ರ ಮತ್ತು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಗಳೆರಡರಲ್ಲೂ ಇತ್ತು. 2018ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅದೇ ವರ್ಷ ಅಕ್ಟೋಬರ್ 1ರಿಂದ, ಕಾಯ್ದೆ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟು, ಕರಾರನ್ನು ಪಾಲಿಸುವಂತೆ ಆಜ್ಞೆ ಮಾಡಲೇಬೇಕು. ಬೆಂಗಳೂರು ಹತ್ತಿರವಾದಷ್ಟೂ ಜಮೀನಿನ ಬೆಲೆ ಏರುವ ಕುಣಿಗಲ್ಲಿನಂಥ ಊರಿನಲ್ಲಿ ಇದರ ಪರಿಣಾಮ ಸಣ್ಣದಲ್ಲ. ಮಗಳ ಮದುವೆಗೋ ಸಾಲಕ್ಕೋ ಅವಸರದಲ್ಲಿ ಕರಾರು ಬರೆದುಕೊಟ್ಟ ಸಣ್ಣ ಹಿಡುವಳಿದಾರನ ಕಷ್ಟವನ್ನು ತೂಗಿ ನೋಡುತ್ತಿದ್ದ ನ್ಯಾಯಾಧೀಶರ ಕೈ ಈಗ ಮೊದಲಿನಷ್ಟು ಸಡಿಲವಿಲ್ಲ. ಹೂಡಿಕೆದಾರರಿಗೆ ಅನುಕೂಲವಾಯಿತು. ಆ ರೈತನಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಭಾರ ಕರಾರಿನ ಅಕ್ಷರವನ್ನೂ ಸಾಕ್ಷ್ಯವನ್ನೂ ಸೂಕ್ಷ್ಮವಾಗಿ ಓದುವ ವಕೀಲರ ಮೇಲೆ ಬಿದ್ದಿದೆ.

ಅಕ್ಷರ, ಸಾಕ್ಷ್ಯ ಎಂದರೆ ಮತ್ತೆ ಕಡತದ ಮಾತು. 19ನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ದಾಖಲೆಗಳು ಹತ್ತಾರು ಕಡೆ ಚದುರಿ, ತೇವಕ್ಕೆ ಕೊಳೆಯುತ್ತಿದ್ದವು. 1836ರಲ್ಲಿ ಮಾಸ್ಟರ್ ಆದ ಲಾರ್ಡ್ ಲ್ಯಾಂಗ್‌ಡೇಲ್ ಇದನ್ನು ತಮ್ಮ ಹುದ್ದೆಯ ಮೊದಲ ಕರ್ತವ್ಯವೆಂದು ಹಿಡಿದರು. 1838ರ ಕಾಯ್ದೆ ಎಲ್ಲ ಸಾರ್ವಜನಿಕ ದಾಖಲೆಗಳನ್ನು ಅವರ ವಶಕ್ಕೆ ಕೊಟ್ಟಿತು. ಚಾನ್ಸರಿ ಲೇನ್‌ನ ಅದೇ ಹಳೆಯ ನಿವೇಶನದಲ್ಲಿ ಪತ್ರಾಗಾರದ ಕಟ್ಟಡ ಏಳತೊಡಗಿದ 1851ರಲ್ಲೇ ಅವರು ತೀರಿಕೊಂಡರು. 1958ರಲ್ಲಿ ಆ ಹೊಣೆ ಚಾನ್ಸಲರ್‌ಗೆ ಹೋಯಿತು. ಸಾಲಿಸಿಟರುಗಳ ಹೆಸರಿನ ಪಟ್ಟಿ ಮಾತ್ರ ಆಮೇಲೂ ಬಹುಕಾಲ ಮಾಸ್ಟರ್ ಹುದ್ದೆಯ ನೆರಳಿನಲ್ಲಿ ಉಳಿಯಿತು.

ನಮ್ಮಲ್ಲಿ ತೀರ್ಪು, ಡಿಕ್ರಿಗಳನ್ನು ಉಳಿಸಿ ಮಿಕ್ಕ ಕಾಗದಗಳನ್ನು ಅವಧಿ ತೀರಿದ ಮೇಲೆ ನಾಶಮಾಡುವ ಕ್ರಮವಿದೆ. ಭಾರತದಲ್ಲಿ ಇದಕ್ಕೆಂದೇ 1917ರ ಒಂದು ಕಾಯ್ದೆಯೂ ಇದೆ. ಜಾಗ ಸಾಲದ ನ್ಯಾಯಾಲಯಗಳಿಗೆ ಅದು ಅನಿವಾರ್ಯ ಎಂಬುದು ನಿಜ. ಆದರೆ ದಾವೆಯಲ್ಲಿ ರೈತ ಕೊಟ್ಟ ಹೇಳಿಕೆ, ಹೆಂಗಸು ಹೆಬ್ಬೆಟ್ಟು ಒತ್ತಿದ ಕೈಫಿಯತ್ತು, ಕೆರೆಯ ತೂಬಿನ ನಕ್ಷೆ, ಕೈಬರಹದ ಪಾಲುಪಟ್ಟಿ ಇವೆಲ್ಲ ಆ ಮಿಕ್ಕ ಕಾಗದಗಳಲ್ಲೇ ಇರುತ್ತವೆ. ತುಮಕೂರು ಸೀಮೆಯ ಜನಜೀವನದ ಚರಿತ್ರೆಗೆ ಅದಕ್ಕಿಂತ ನಂಬಬಹುದಾದ ಆಕರ ಎಲ್ಲಿದೆ?

ಈಗ ಒಂದು ಅವಕಾಶ ಎದುರಿಗಿದೆ. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿ ಇಟ್ಟಿದ್ದಾರೆ. ಹಳೆಯ ಕಡತಗಳ ಸ್ಕ್ಯಾನಿಂಗ್ ಅದರಲ್ಲಿ ದೊಡ್ಡ ಪಾಲು ಪಡೆದಿದೆ. ಯಂತ್ರ ಪುಟವನ್ನು ತೆಗೆದಿಡುತ್ತದೆ, ಆ ಪುಟ ಯಾವ ಹಳ್ಳಿಯದು, ಯಾವ ಸರ್ವೆ ನಂಬರಿನದು, ಯಾವ ಮನೆತನದ್ದು ಎಂದು ಬರೆಯುವುದಿಲ್ಲ. ಆ ಸೂಚಿಯನ್ನು ತಯಾರಿಸಬಲ್ಲವರು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಶಿರಸ್ತೇದಾರರು, ರೆಕಾರ್ಡ್ ಕೀಪರುಗಳು, ಕೈಬರಹ ನೋಡಿಯೇ ಊರು ಗುರುತಿಸುವ ಹಿರಿಯ ವಕೀಲರು. ಮರಾಠಿಯ ಮೋಡಿ ಲಿಪಿ ಓದಬಲ್ಲ ಒಬ್ಬರನ್ನು ರಾಜ್ಯ ಪತ್ರಾಗಾರ ಇಲಾಖೆಯಿಂದ ಕೇಳಿ ಪಡೆಯಬಹುದು. 1930ಕ್ಕೆ ಹಿಂದಿನ ಯಾವ ಕಾಗದವನ್ನೂ ಪಟ್ಟಿಮಾಡುವ ಮೊದಲು ನಾಶಮಾಡಬಾರದು ಎಂದು ಮೂರೂ ಊರುಗಳ ವಕೀಲರು ಒಟ್ಟಾಗಿ ಜಿಲ್ಲಾ ನ್ಯಾಯಾಧೀಶರಲ್ಲಿ ಅರಿಕೆ ಮಾಡಿಕೊಂಡರೆ, ಆ ಪಟ್ಟಿಯ ಮೊದಲ ಕಂತು ಬೇಗನೆ ಅಚ್ಚಾಗಬಹುದು.